ಪುಟ್ಟ ಕಾಲಿಗೆ ಸ್ಕೀ: ನಾರ್ವೆಯಲ್ಲಿ ನೆಲೆಸಿರುವ ಕನ್ನಡ ತಂದೆತಾಯಂದಿರಿಗೆ ಬಹಿರಂಗ ಪತ್ರ



ನಾರ್ವೆಯ ಮಕ್ಕಳಿಗೆ ಸ್ಕೀಯ ಮೊದಲ ಪಾಠ ಮನೆಯಂಗಳದಲ್ಲೇ ಆಗಿಬಿಡುತ್ತದೆ. ಮಗು ನಡೆಯಲು ಕಲಿತು ಒಂದು ವರ್ಷವಾಗುವಷ್ಟರಲ್ಲಿ ಅದರ ಚಳಿಗಾಲದ ಬೂಟಿಗೇ ಎರಡು ಗಿಡ್ಡ ಪ್ಲಾಸ್ಟಿಕ್ ಸ್ಕೀಗಳನ್ನು ಪಟ್ಟಿಯಿಂದ ಬಿಗಿದು, ಬಾಗಿಲ ಮುಂದಿನ ಸಮತಟ್ಟಾದ ಹಿಮದ ಮೇಲೆ ನಿಲ್ಲಿಸುತ್ತಾರೆ. ಮಗು ನಾಲ್ಕು ಹೆಜ್ಜೆ ಇಡುತ್ತದೆ, ಬೀಳುತ್ತದೆ, ಒಂದು ಹಿಡಿ ಹಿಮ ಬಾಯಿಗೆ ಹಾಕಿಕೊಳ್ಳುತ್ತದೆ, ಸಾಕೆನಿಸಿದಾಗ ಒಳಗೆ ಹೋಗುತ್ತದೆ. ಅಲ್ಲಿ ಇಳಿಜಾರಿಲ್ಲ, ವೇಗವಿಲ್ಲ, ಶಿಕ್ಷಕರೂ ಇಲ್ಲ. ಕರ್ನಾಟಕದಿಂದ ಬಂದು ಓಸ್ಲೊ, ಬರ್ಗೆನ್, ಟ್ರೊಂಡ್‌ಹೈಮ್‌ಗಳಲ್ಲಿ ಸಂಸಾರ ಹೂಡಿರುವ ತಂದೆತಾಯಂದಿರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಇದೇ. ಸ್ಕೀ ಎಂದೊಡನೆ ಅವರ ಕಣ್ಣ ಮುಂದೆ ಬರುವುದು ಟಿ.ವಿ.ಯಲ್ಲಿ ಕಂಡ ಕಡಿದಾದ ಬೆಟ್ಟ, ಅದರ ಮೇಲಿಂದ ಗುಂಡಿನಂತೆ ಇಳಿಯುವ ಆಟಗಾರ. ಆ ಚಿತ್ರವನ್ನೇ ಇಟ್ಟುಕೊಂಡು ಎರಡು ವರ್ಷದ ಕಂದನ ಬಗ್ಗೆ ಯೋಚಿಸಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ.

ಸ್ಕೀಯಲ್ಲಿ ಮುಖ್ಯವಾಗಿ ಎರಡು ಬಗೆ. ಆಲ್ಪೈನ್ ಬಗೆಯಲ್ಲಿ ಗಡುಸಾದ ಬೂಟಿನ ತುದಿಯೂ ಹಿಮ್ಮಡಿಯೂ ಸ್ಕೀಗೆ ಕಚ್ಚಿಕೊಂಡಿರುತ್ತವೆ. ಲಿಫ್ಟ್‌ನಲ್ಲಿ ಮೇಲೇರಿ ಇಳಿಜಾರಿನಲ್ಲಿ ಜಾರುತ್ತ ಬರುವುದು ಅದರ ಕ್ರಮ. ಕ್ರಾಸ್ ಕಂಟ್ರಿ ಬಗೆಯಲ್ಲಿ ಬೂಟು ಮೆತ್ತಗಿರುತ್ತದೆ, ಅದರ ತುದಿ ಮಾತ್ರ ಸ್ಕೀಗೆ ಅಂಟಿರುತ್ತದೆ, ಹಿಮ್ಮಡಿ ಬಿಡುವಾಗಿ ಮೇಲೇಳುತ್ತದೆ. ಕಾಡಿನ ಹಾದಿಯಲ್ಲಿ ನಡೆಯುತ್ತ, ಜಾರುತ್ತ, ಏರುತ್ತ ಸಾಗುವುದು ಅದರ ಕ್ರಮ. ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಸ್ಕೀಗೆ ಹೋಗುತ್ತೇವೆ ಎಂದು ನೆರೆಮನೆಯವರು ಹೇಳಿದರೆ ಅದು ಬಹುಮಟ್ಟಿಗೆ ಈ ಎರಡನೆಯ ಬಗೆ. ಪುಟ್ಟ ಮಗುವಿಗೂ ಮೊದಲು ಇದೇ ಸರಿ. ನಡಿಗೆಯ ಮುಂದುವರಿಕೆಯಾದ್ದರಿಂದ ಇದರಲ್ಲಿ ಮಗು ತನ್ನ ವೇಗಕ್ಕೆ ತಾನೇ ಒಡೆಯ. ನಿಂತರೆ ನಿಂತಿತು, ಬಿದ್ದರೆ ತನ್ನೆತ್ತರದಿಂದಷ್ಟೇ ಬಿದ್ದಿತು.

ಮಗುವಿಗೂ ಸ್ಕೀಗೂ ಈ ನಾಡಿನಲ್ಲಿ ಹಳೆಯ ನಂಟಿದೆ. 1206ರ ಚಳಿಗಾಲದಲ್ಲಿ, ಅಂತರ್ಯುದ್ಧದ ನಡುವೆ, ಹೋಕೊನ್ ಹೋಕೊನ್ಸನ್ ಎಂಬ ಒಂದೂವರೆ ವರ್ಷದ ರಾಜಕುಮಾರನನ್ನು ಬಿರ್ಕೆಬೈನರ್ ಪಡೆಯ ಇಬ್ಬರು ಸ್ಕೀ ಕಟ್ಟಿಕೊಂಡು ಲಿಲ್ಲೆಹಾಮರ್‌ನಿಂದ ಬೆಟ್ಟ ದಾಟಿಸಿ ಶತ್ರುಗಳಿಂದ ಉಳಿಸಿದರು. 1217ರಲ್ಲಿ ಆ ಮಗು ನಾರ್ವೆಯ ರಾಜನಾದ. ಅದರ ನೆನಪಿಗೆ 1932ರಲ್ಲಿ ಆರಂಭವಾದ ಬಿರ್ಕೆಬೈನರ್ ಸ್ಪರ್ಧೆಯಲ್ಲಿ ರೇನಾದಿಂದ ಲಿಲ್ಲೆಹಾಮರ್‌ವರೆಗೆ 54 ಕಿ.ಮೀ. ಸಾಗುವವರು ಬೆನ್ನಿಗೆ 3.5 ಕೆ.ಜಿ. ಭಾರದ ಚೀಲ ಹೊರಬೇಕು. ಆ ಭಾರ ಮಗುವಿನ ಗುರುತು. ಓಸ್ಲೊದ ಶೀಫೊರೆನಿಂಗೆನ್ ಎಂಬ ಸ್ಕೀ ಸಂಘವೂ ಹಳೆಯದು, 1883ರಲ್ಲಿ ಹುಟ್ಟಿದ್ದು. ನಗರವನ್ನು ಸುತ್ತುವರಿದ ಮಾರ್ಕಾ ಕಾಡಿನಲ್ಲಿ 2,000 ಕಿ.ಮೀ.ಗೂ ಹೆಚ್ಚು ಸ್ಕೀ ಹಾದಿಯಿದ್ದು, ಅದರ ನಿರ್ವಹಣೆಯಲ್ಲಿ ಈ ಸಂಘದ ಪಾತ್ರ ದೊಡ್ಡದು. ಪುಟ್ಟ ಮಕ್ಕಳಿಗೆ ಸ್ಕೀ ಶಾಲೆಯನ್ನೂ ಅದು ನಡೆಸುತ್ತದೆ. ಮೆಟ್ರೊದ 1ನೇ ಮಾರ್ಗ ಹಿಡಿದರೆ ಸ್ಕೀ ಕೈಯಲ್ಲಿ ಹಿಡಿದುಕೊಂಡೇ ಹೋಲ್ಮೆನ್‌ಕೊಲ್ಲೆನ್ ದಾಟಿ ಫ್ರೊಗ್ನರ್‌ಸೆಟೆರೆನ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದಲೇ ಕಾಡಿನ ಹಾದಿ ಸೇರಬಹುದು.

ಇಂಥ ನಾಡಿನಲ್ಲಿ ಮಗು ಬಾರ್ನೆಹಾಗೆಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಸೇರಿದ ಮೊದಲ ಚಳಿಗಾಲದಲ್ಲೇ ಒಂದು ಚೀಟಿ ಬರುತ್ತದೆ: ಇಂಥ ದಿನ ಸ್ಕೀ ದಿನ, ಮಕ್ಕಳಿಗೆ ಸ್ಕೀ ಕೊಟ್ಟು ಕಳುಹಿಸಿ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಬೆಳೆದು ದೊಡ್ಡವರಾದ ಮೇಲೆ ಮೊದಲ ಬಾರಿ ಹಿಮ ಕಂಡ ತಂದೆತಾಯಿಗೆ ಆ ಚೀಟಿ ತಂದೊಡ್ಡುವ ಆತಂಕ ಸಹಜವೇ. ಥಂಡಿ ಹತ್ತಿದರೆ? ಬಿದ್ದು ಕೈಕಾಲು ಮುರಿದರೆ? ಬೆಳೆಯುವ ಮಗುವಿಗೆ ವರ್ಷವರ್ಷವೂ ಇಷ್ಟೆಲ್ಲ ಕೊಳ್ಳುವುದು ಹೇಗೆ? ಊರಿನಿಂದ ವಿಡಿಯೊ ಕರೆಯಲ್ಲಿ ಅಜ್ಜಿ ಕೇಳುವುದೂ ಇದನ್ನೇ. ಈ ಮೂರೂ ಪ್ರಶ್ನೆಗಳಿಗೆ ನೆಟ್ಟಗಿನ ಉತ್ತರಗಳಿವೆ.

ಮೊದಲು ಥಂಡಿಯ ಮಾತು. ನೆಗಡಿ ತರುವುದು ವೈರಸ್; ಹೊರಗಿನ ಚಳಿಯೊಂದೇ ಅದನ್ನು ತರುವುದಿಲ್ಲ. ಆದರೆ ಚಳಿಯಿಂದ ಮಗುವಿಗೆ ಆಗುವ ತೊಂದರೆ ಬೇರೆಯೇ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೈತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಹಾಗಾಗಿ ಶಾಖ ಬೇಗ ಸೋರಿಹೋಗುತ್ತದೆ. ತನಗೆ ಚಳಿಯಾಗುತ್ತಿದೆ ಎಂದು ಎರಡು ವರ್ಷದ ಮಗು ಹೇಳುವುದೂ ಇಲ್ಲ. ಸುಮ್ಮನಾಗುತ್ತದೆ ಅಥವಾ ರಚ್ಚೆ ಹಿಡಿಯುತ್ತದೆ. ಗಾಳಿಯ ಲೆಕ್ಕ ಮರೆಯುವಂತಿಲ್ಲ: ಉಷ್ಣಾಂಶ ಮೈನಸ್ 10 ಡಿಗ್ರಿ ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಮೈನಸ್ 20ರಷ್ಟು ಕೊರೆಯುತ್ತದೆ. ಬಾರ್ನೆಹಾಗೆಗಳು ಸಾಮಾನ್ಯವಾಗಿ ಮೈನಸ್ 10ರ ಸುತ್ತಮುತ್ತ ತೀರ ಚಿಕ್ಕವರನ್ನು ಒಳಗೆ ಉಳಿಸಿಕೊಳ್ಳುತ್ತವೆ. ಮನೆಯವರಿಗೂ ಅದೇ ಒಳ್ಳೆಯ ಗಡಿ. ಕೆನ್ನೆಯ ಮೇಲೋ ಮೂಗಿನ ತುದಿಯಲ್ಲೋ ಬಣ್ಣ ಕಳೆದುಕೊಂಡ ಚುಕ್ಕೆ ಕಂಡರೆ ಚರ್ಮ ಹೆಪ್ಪುಗಟ್ಟಲು ಆರಂಭಿಸಿದೆ ಎಂದರ್ಥ. ಉಜ್ಜದೆ, ಬೆಚ್ಚಗಿನ ಅಂಗೈಯನ್ನು ಅದರ ಮೇಲೆ ಮೆತ್ತಗೆ ಇಟ್ಟು, ಕೂಡಲೇ ಒಳಗೆ ಕರೆದೊಯ್ಯಬೇಕು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಈ ಚುಕ್ಕೆ ಬಿಳಿಯಾಗಿ ಕಾಣುವುದಕ್ಕಿಂತ ಬೂದಿ ಬಣ್ಣದ್ದಾಗಿ, ಮೇಣದ ಹೊಳಪಿನಿಂದ ಕೂಡಿರಬಹುದು. ಕನ್ನಡ ಮನೆಗಳಲ್ಲಿ ಇದನ್ನು ನೆನಪಿಡಬೇಕು.

ಬಟ್ಟೆಯಲ್ಲಿ ಭಾರತೀಯ ಮನೆಗಳು ಸಾಮಾನ್ಯವಾಗಿ ಎಡವುವುದು ಹತ್ತಿಯ ಬನಿಯನ್ ವಿಷಯದಲ್ಲಿ. ಊರಿನಲ್ಲಿ ಮಗುವಿನ ಮೈಗೆ ಹತ್ತಿಗಿಂತ ಒಳ್ಳೆಯದಿಲ್ಲ. ಹಿಮದಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ. ಬೆವರು ಹೀರಿದ ಹತ್ತಿ ಒದ್ದೆಯಾಗಿ ಮೈಗಂಟಿಕೊಂಡು ಶಾಖವನ್ನು ಹೊರಗೆಳೆಯುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಆದ್ದರಿಂದ ಮೈಗೆ ತಾಗುವ ಪದರ ತೆಳುವಾದ ಉಣ್ಣೆಯದು, ಚಳಿ ಹೆಚ್ಚಿದ್ದರೆ ಅದರ ಮೇಲೆ ಇನ್ನೊಂದು ಉಣ್ಣೆಯ ಪದರ, ಎಲ್ಲಕ್ಕೂ ಮೇಲೆ ನೀರು ಗಾಳಿ ಒಳಬಿಡದ, ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ತುಂಡಾದ ಉಡುಪು. ಕೈಗೆ ಬೆರಳು ಬಿಡಿಬಿಡಿಯಾದ ಗವಸು ಬೇಡ. ನಾಲ್ಕೂ ಬೆರಳು ಒಟ್ಟಿಗೆ ಇರುವಂಥದ್ದು ಬೇಕು, ಬೆರಳುಗಳು ಒಂದನ್ನೊಂದು ಬೆಚ್ಚಗಿಡುತ್ತವೆ. ತೊಡಿಸುವುದರಲ್ಲೂ ಒಂದು ಕ್ರಮವಿದೆ: ಮೊದಲು ಉಣ್ಣೆಯ ಒಳಗವಸು, ಅದರ ಮೇಲೆ ತೋಳಿನ ಅಂಚು, ಕೊನೆಗೆ ಉದ್ದ ಬಾಯಿಯ ಹೊರಗವಸನ್ನು ತೋಳಿನ ಮೇಲಕ್ಕೆ ಎಳೆದು ಬಿಗಿಯುವುದು. ಹೀಗಾದರೆ ಮಗು ಎಷ್ಟು ಸಲ ಬಿದ್ದು ಕೈಯೂರಿದರೂ ಮಣಿಕಟ್ಟಿನಲ್ಲಿ ಹಿಮ ನುಗ್ಗುವುದಿಲ್ಲ. ಕಾಲುಚೀಲ ಉಣ್ಣೆಯದು ಒಂದು ಜೊತೆ ಸಾಕು. ಎರಡು ಜೊತೆ ತುರುಕಿದರೆ ಬೂಟು ಬಿಗಿಯಾಗಿ, ರಕ್ತ ಓಡಾಡದೆ ಪಾದ ಇನ್ನಷ್ಟು ಬೇಗ ತಣ್ಣಗಾಗುತ್ತದೆ. ಇಳಿಬೀಳುವ ಮಫ್ಲರ್ ಬದಲು ತಲೆಯ ಮೂಲಕ ತೂರಿಸಿ ತೊಡಿಸುವ ಕುತ್ತಿಗೆಪಟ್ಟಿ ಇರಲಿ, ಮಫ್ಲರ್ ಲಿಫ್ಟ್‌ಗೋ ಕೊಂಬೆಗೋ ಸಿಕ್ಕಿಕೊಳ್ಳುವ ಅಪಾಯವಿದೆ. ಮಗುವಿಗೆ ಬಟ್ಟೆ ಹದವಾಗಿದೆಯೇ ಎಂದು ತಿಳಿಯಲು ಕೈ ಮುಟ್ಟಿ ನೋಡುವುದಕ್ಕಿಂತ ಕಾಲರ್ ಒಳಗೆ ಎರಡು ಬೆರಳು ತೂರಿಸಿ ಹೆಡಕನ್ನು ಮುಟ್ಟಿ ನೋಡುವುದು ಮೇಲು. ಬೆಚ್ಚಗೆ ಒಣಗಿದ್ದರೆ ಸರಿ, ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ, ತಣ್ಣಗಿದ್ದರೆ ಕಡಿಮೆಯಾಗಿದೆ.

ಖರ್ಚಿನ ಮಾತು ಚಿಕ್ಕದು. ನಾರ್ವೆಯ ಅನೇಕ ಊರುಗಳಲ್ಲಿ 'ಬುಆ' ಹೆಸರಿನ ಕೇಂದ್ರಗಳು ಮಕ್ಕಳ ಸ್ಕೀ, ಬೂಟು, ಹೆಲ್ಮೆಟ್‌ಗಳನ್ನು ಉಚಿತವಾಗಿ ಎರವಲು ಕೊಡುತ್ತವೆ, ಪುಸ್ತಕಾಲಯ ಪುಸ್ತಕ ಕೊಟ್ಟಂತೆ. ಒಂದೇ ಚಳಿಗಾಲ ಬಳಸಿದ ಸಾಮಾನು ಸೆಕೆಂಡ್ ಹ್ಯಾಂಡ್ ಆಗಿ ಧಾರಾಳವಾಗಿ ಸಿಗುತ್ತದೆ. ಕನ್ನಡ ಬಳಗದ ಮನೆಗಳೇ ಮಕ್ಕಳಿಗೆ ಚಿಕ್ಕದಾದದ್ದನ್ನು ಕೈಯಿಂದ ಕೈಗೆ ದಾಟಿಸಿದರೆ ಕೊಳ್ಳುವ ಪ್ರಮೇಯವೇ ಕಡಿಮೆ. ಹೊಸದನ್ನೇ ಕೊಡಿಸಬೇಕೆಂಬ ಹಟ ಇಲ್ಲಿಯ ಶ್ರೀಮಂತರಿಗೂ ಇಲ್ಲ.

ಆಯ್ಕೆಯಲ್ಲಿ ಒಂದು ವಿಷಯಕ್ಕೆ ಮಾತ್ರ ರಾಜಿ ಕೂಡದು, ಅದು ಬೂಟಿನ ಅಳತೆ. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಅಳತೆ ದೊಡ್ಡದು ತರುವ ನಮ್ಮವರ ರೂಢಿ ಇಲ್ಲಿ ನಡೆಯದು. ಒಳಗೆ ಪಾದ ಆಡಿದರೆ ಸ್ಕೀ ಮಗುವಿನ ಮಾತು ಕೇಳುವುದಿಲ್ಲ. ಬೂಟಿನ ಒಳಹಾಸನ್ನು ಹೊರಗೆಳೆದು ಅದರ ಮೇಲೆ ಕಾಲುಚೀಲ ಸಮೇತ ಮಗುವನ್ನು ನಿಲ್ಲಿಸಬೇಕು. ಹಿಮ್ಮಡಿ ಹಾಸಿನ ಹಿಂದಿನ ಅಂಚಿಗೆ ಸರಿಯಾಗಿದ್ದು, ಹೆಬ್ಬೆರಳ ಮುಂದೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಜಾಗ ಉಳಿದರೆ ಅಳತೆ ಸರಿ. ಸ್ಕೀಯ ಉದ್ದ ಆರಂಭದಲ್ಲಿ ಮಗುವಿನ ಎತ್ತರದಷ್ಟು ಅಥವಾ ತುಸು ಕಡಿಮೆ ಇರಲಿ. ಅಡಿಭಾಗದಲ್ಲಿ ಮೀನಿನ ಹುರುಪೆಯಂಥ ಗೀರುಗಳೋ ತುಪ್ಪುಳಿನ ಪಟ್ಟಿಯೋ ಇರುವ ಸ್ಕೀ ಹಿಂದಕ್ಕೆ ಜಾರುವುದಿಲ್ಲ, ಅದಕ್ಕೆ ಮೇಣ ಹಚ್ಚುವ ತಾಪತ್ರಯವೂ ಇಲ್ಲ. ಸ್ಕೀ ಕೋಲುಗಳನ್ನು ಮೊದಲ ಕೆಲವು ಚಳಿಗಾಲ ಮನೆಯಲ್ಲೇ ಬಿಡಬೇಕು. ಕೈಯಲ್ಲಿ ಕೋಲಿದ್ದ ಮಗು ಅದಕ್ಕೆ ಜೋತುಬೀಳುತ್ತದೆ. ಕೋಲಿಲ್ಲದ ಮಗು ತನ್ನ ಕಾಲ ಮೇಲೆ ತೂಗುವುದನ್ನು ಕಲಿಯುತ್ತದೆ.

ಸಮತೋಲವೇ ಈ ವಯಸ್ಸಿನ ಮುಖ್ಯ ಪಾಠ. ಎರಡು ಮೂರು ವರ್ಷದ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕಾಲು ಗಿಡ್ಡ. ಮೈಯ ಭಾರವೆಲ್ಲ ಮೇಲುಗಡೆ ಇರುತ್ತದೆ. ಮೊಣಕಾಲು ಬಗ್ಗಿಸಿ ತುಸು ಮುಂದಕ್ಕೆ ಬಾಗಿ ನಿಲ್ಲುವುದು ಅಭ್ಯಾಸವಾಗಲು ಮಾತಿನ ಪಾಠ ನೆರವಾಗದು, ಆಟ ನೆರವಾಗುತ್ತದೆ. ನಾರ್ವೆಯಲ್ಲಿ ಇದಕ್ಕಾಗಿಯೇ ಸ್ಕೀ ಆಟದ ಬಯಲುಗಳನ್ನು ಮಾಡುತ್ತಾರೆ: ಸಣ್ಣ ಸಣ್ಣ ಉಬ್ಬುತಗ್ಗು, ಬಗ್ಗಿ ನುಸುಳಲು ಕಮಾನು, ಸುತ್ತಿ ಬರಲು ಕಡ್ಡಿಗಳು. ಚೆಂಡು ಎಸೆದು ತರಿಸುವುದು, ಒಂದೇ ಸ್ಕೀ ಕಟ್ಟಿ ಇನ್ನೊಂದು ಕಾಲಿನಿಂದ ತಳ್ಳಿಕೊಂಡು ಹೋಗುವುದು, ಮುಟ್ಟಾಟ, ಎಲ್ಲವೂ ನಡೆಯುತ್ತವೆ.

ಬೀಳುವುದನ್ನೂ ಏಳುವುದನ್ನೂ ಮೊದಲ ದಿನವೇ ಆಟವಾಗಿ ಕಲಿಸಬೇಕು. ಬಿದ್ದ ಮಗುವಿನ ಸ್ಕೀಗಳು ಕತ್ತರಿಯಾಗಿ ಸಿಕ್ಕಿಕೊಂಡಿರುತ್ತವೆ. ಮಗು ಬೆನ್ನ ಮೇಲೆ ಹೊರಳಿ ಎರಡೂ ಕಾಲನ್ನು ಮೇಲಕ್ಕೆತ್ತಬೇಕು; ಸ್ಕೀಗಳು ಗಾಳಿಯಲ್ಲಿ ಬಿಡಿಸಿಕೊಳ್ಳುತ್ತವೆ. ಆಮೇಲೆ ಎರಡನ್ನೂ ಜೋಡಿಸಿಕೊಂಡು ಒಂದು ಮಗ್ಗುಲಿಗೆ ಇಳಿಸಿ, ಮಂಡಿಯೂರಿ, ಒಂದು ಪಾದವನ್ನು ಮುಂದಿಟ್ಟು, ಆ ಮೊಣಕಾಲ ಮೇಲೆ ಎರಡೂ ಕೈ ಒತ್ತಿ ಎದ್ದುಬಿಡುವುದು. ನೆಲ ಇಳಿಜಾರಾಗಿದ್ದರೆ ಸ್ಕೀಗಳು ಇಳಿಜಾರಿಗೆ ಅಡ್ಡಲಾಗಿರಬೇಕು, ಇಲ್ಲವಾದರೆ ಏಳುವ ಮೊದಲೇ ಜಾರಿಹೋಗುತ್ತವೆ. ಅಪ್ಪ ಅಮ್ಮ ಪ್ರತಿಸಲವೂ ಓಡಿಹೋಗಿ ಎತ್ತಿ ನಿಲ್ಲಿಸಿದರೆ ಮಗು ಬಿದ್ದಲ್ಲೇ ಕೈಚಾಚಿ ಕಾಯುತ್ತದೆ. ಮೆತ್ತನೆಯ ಹಿಮದ ಮೇಲೆ, ಸಮತಟ್ಟಾದ ನೆಲದಲ್ಲಿ, ತನ್ನೆತ್ತರದಿಂದ ಬಿದ್ದ ಮಗುವಿಗೆ ಪೆಟ್ಟಾಗುವುದು ತೀರ ಅಪರೂಪ. ಕೈಕಾಲು ಮುರಿಯುವ ಭಯಕ್ಕೆ ಉತ್ತರ ಇಲ್ಲಿದೆ: ಅಪಾಯವಿರುವುದು ವೇಗದಲ್ಲಿ, ವೇಗ ಬರುವುದು ಇಳಿಜಾರಿನಿಂದ, ಎಷ್ಟು ಇಳಿಜಾರು ಎಂಬ ತೀರ್ಮಾನ ದೊಡ್ಡವರ ಕೈಯಲ್ಲಿದೆ.

ಇದಾದ ಮೇಲಿನದು ತಾನಾಗಿ ಬರುತ್ತದೆ. ಅಡ್ಡಡ್ಡ ಹೆಜ್ಜೆಯಿಟ್ಟು ಏರುವುದು, ಸ್ಕೀಯ ತುದಿ ಅಗಲಿಸಿ ಮೀನಿನ ಮುಳ್ಳಿನ ಗುರುತು ಮೂಡಿಸುತ್ತ ಏರುವುದು, ಪುಟ್ಟ ದಿಬ್ಬದಿಂದ ನೇರ ಜಾರುವುದು. ನಾಲ್ಕೈದು ವರ್ಷದ ಹೊತ್ತಿಗೆ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂಭಾಗ ಅಗಲಿಸಿ, ನೇಗಿಲಿನ ಆಕಾರದಲ್ಲಿ ವೇಗ ತಗ್ಗಿಸುವುದು ಬಹಳಷ್ಟು ಮಕ್ಕಳಿಗೆ ಸಿದ್ಧಿಸುತ್ತದೆ. ಶಾಲೆಗೆ ಸೇರುವ ಆರರ ಸುಮಾರಿಗೆ ಕೋಲು ಕೊಡಬಹುದು.

ತೀರ ಎಳೆಯ ಕೂಸುಗಳನ್ನು ಕರೆದೊಯ್ಯಲು ಪುಲ್ಕ್ ಇದೆ. ನೆಲಮಟ್ಟದ ಈ ಪುಟ್ಟ ಜಾರುಬಂಡಿಯನ್ನು ದೊಡ್ಡವರು ಸೊಂಟಕ್ಕೆ ಕಟ್ಟಿ ಎಳೆಯುತ್ತಾರೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಸ್ಕೀ ಮಾಡುವುದು, ಅದೂ ಹೊಸದಾಗಿ ಕಲಿತವರು, ಖಂಡಿತ ಬೇಡ. ಹೊತ್ತವರು ಬಿದ್ದರೆ ಕೂಸೂ ಅಷ್ಟೆತ್ತರದಿಂದ ಬೀಳುತ್ತದೆ. ಜೋತಾಡುವ ಕಾಲುಗಳು ಪಟ್ಟಿಯ ಒತ್ತಡಕ್ಕೆ ರಕ್ತ ಸಾಲದೆ ಹೆಪ್ಪುಗಟ್ಟುವ ಅಪಾಯವೂ ಉಂಟು. ಪುಲ್ಕ್‌ನಲ್ಲೂ ಎಚ್ಚರ ಬೇಕು. ಎಳೆಯುವವರು ಬೆವರು ಸುರಿಸುತ್ತಿರುವಾಗ ಒಳಗಿನ ಕೂಸು ಅಲುಗಾಡದೆ ಕುಳಿತಿರುತ್ತದೆ. ಕೆಳಗೆ ಕುರಿಯ ಉಣ್ಣೆದೊಗಲು ಹಾಸಿ, ತುಪ್ಪುಳಿನ ಚೀಲದೊಳಗೆ ಕೂರಿಸಿ, ಆಗಾಗ ನಿಂತು ಹೆಡಕು ಮತ್ತು ಪಾದ ಮುಟ್ಟಿ ನೋಡಲೇಬೇಕು.

ಎಷ್ಟು ಹೊತ್ತು? ಎರಡು ವರ್ಷದ ಮಗುವಿಗೆ ಹತ್ತು ಹದಿನೈದು ನಿಮಿಷ, ನಾಲ್ಕರ ಮಗುವಿಗೆ ಅರ್ಧ ಗಂಟೆ, ನಡುವೆ ಹೊಟ್ಟೆಗೆ ಏನಾದರೂ. ನಾರ್ವೆಯ ಮನೆಗಳಲ್ಲಿ ಸ್ಕೀ ಚೀಲವೆಂದರೆ ಕಿತ್ತಳೆ ಹಣ್ಣು, ಬಿಸಿ ಚಾಕೊಲೇಟ್ ಪಾನೀಯ, 1937ರಿಂದ ಮಾರುಕಟ್ಟೆಯಲ್ಲಿರುವ ಕ್ವಿಕ್ ಲುನ್ಶ್ ಚಾಕೊಲೇಟ್. ಕನ್ನಡ ಮನೆಯ ಥರ್ಮಾಸ್‌ನಲ್ಲಿ ಬಿಸಿ ರಾಗಿ ಮಾಲ್ಟ್ ಇದ್ದರೆ ಇನ್ನೂ ಒಳ್ಳೆಯದು. ಹಸಿದ ಮಗು ಬೇಗ ತಣ್ಣಗಾಗುತ್ತದೆ. ಬಾರ್ನೆಹಾಗೆಯ ಸ್ಕೀ ದಿನಗಳಲ್ಲಿ ಕಾಡಿನಲ್ಲಿ ಬೆಂಕಿ ಹಾಕಿ ಸಾಸೇಜ್ ಸುಡುವುದು ವಾಡಿಕೆ. ಸಸ್ಯಾಹಾರಿ ಮನೆಯವರು ಮುಂಚೆಯೇ ತಿಳಿಸಿ, ಬೆಂಕಿಯ ಮೇಲೆ ಬೆಚ್ಚಗೆ ಮಾಡಿಕೊಳ್ಳುವಂಥ ಚಪಾತಿ ಸುರುಳಿ ಕಳುಹಿಸಿದರೆ ಮಗು ಗುಂಪಿನಿಂದ ಹೊರಗುಳಿಯುವುದಿಲ್ಲ. ಮಗು ನಗುತ್ತಿರುವಾಗಲೇ ಮನೆಗೆ ಹೊರಡುವುದು ಜಾಣತನ. ಅತ್ತು ಮುಗಿದ ದಿನವನ್ನು ಅದು ಮುಂದಿನ ವಾರದವರೆಗೂ ಮರೆಯುವುದಿಲ್ಲ.

ಹಾದಿಯ ರೀತಿನೀತಿಗಳನ್ನು ಮಗುವಿಗಿಂತ ಮೊದಲು ದೊಡ್ಡವರು ಕಲಿಯಬೇಕು. ಯಂತ್ರ ಹಾಯಿಸಿ ಸಿದ್ಧಗೊಳಿಸಿದ ಜೋಡಿ ಗೆರೆಗಳ ಮೇಲೆ ಬರಿಯ ಬೂಟಿನಲ್ಲಿ ನಡೆದು ಗುಳಿ ಮಾಡಬಾರದು. ಬಲಗಡೆ ಇರಬೇಕು. ಇಳಿದು ಬರುವವರಿಗೆ ಏರುವವರು ದಾರಿ ಬಿಡಬೇಕು. ಬಿದ್ದರೆ ಕೂಡಲೇ ಪಕ್ಕಕ್ಕೆ ಸರಿಯಬೇಕು, ಊಟಕ್ಕೆ ಕೂರುವಾಗ ಹಾದಿಯಿಂದ ಆಚೆ ಕೂರಬೇಕು. ಡಿಸೆಂಬರ್‌ನಲ್ಲಿ ಓಸ್ಲೊದ ಹಗಲು ಆರು ಗಂಟೆಯಷ್ಟೇ. ದೀಪ ಹಾಕಿದ ಹಾದಿಗಳಿವೆ, ಆದರೂ ಮಗುವಿನ ಮೇಲುಡುಪಿಗೆ ಬೆಳಕು ಪ್ರತಿಫಲಿಸುವ ಪಟ್ಟಿ ಇರಲಿ. ಮಾರ್ಚ್ ಏಪ್ರಿಲ್‌ನಲ್ಲಿ, ಈಸ್ಟರ್ ರಜೆಗೆ ಬೆಟ್ಟದ ಕಡೆ ಹೋಗುವವರು ಕಪ್ಪು ಕನ್ನಡಕ ಮರೆಯಬಾರದು. ಹೊಸ ಹಿಮ ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣದ ಶೇಕಡಾ 80ರವರೆಗೂ ಹಿಂದಿರುಗಿಸುತ್ತದೆ. ಮೈಬಣ್ಣ ಯಾವುದಾದರೂ ಕಣ್ಣಿಗೆ ಆಗುವ ಹಾನಿ ಒಂದೇ.

ಆಲ್ಪೈನ್ ಸ್ಕೀ ನಾಲ್ಕೈದು ವರ್ಷಕ್ಕೆ ಆರಂಭಿಸಿದರೆ ಸಾಕು, ಅದೂ ತರಬೇತಾದವರ ಕೈಯಲ್ಲಿ. ಇಲ್ಲಿ ಹೆಲ್ಮೆಟ್ ಕಡ್ಡಾಯವೆಂದೇ ತಿಳಿಯಬೇಕು, ಸೈಕಲ್ ಹೆಲ್ಮೆಟ್ ಅದಕ್ಕೆ ಬದಲಿಯಲ್ಲ. ನಾರ್ವೆಯ ಹಲವು ಸ್ಕೀ ಕೇಂದ್ರಗಳಲ್ಲಿ ಪುಟ್ಟ ಮಕ್ಕಳು ಹೆಲ್ಮೆಟ್ ಧರಿಸಿದ್ದರೆ ಲಿಫ್ಟ್ ಉಚಿತ. ಪುಟ್ಟವರಿಗಾಗಿ ನೆಲದಲ್ಲೇ ಮೆಲ್ಲಗೆ ಚಲಿಸುವ ಪಟ್ಟಿಯಿರುತ್ತದೆ, ನಿಂತರೆ ಅದೇ ಮೇಲಕ್ಕೊಯ್ಯುತ್ತದೆ. ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್‌ನ ಬಿಗಿ ಮಗುವಿನ ತೂಕ, ಎತ್ತರ, ಬೂಟಿನ ಉದ್ದಕ್ಕೆ ಹೊಂದಿರಬೇಕು. ಅಗತ್ಯಕ್ಕಿಂತ ಬಿಗಿಯಾದರೆ ಬಿದ್ದಾಗ ಸ್ಕೀ ಕಳಚಿಕೊಳ್ಳದೆ ಮೊಣಕಾಲ ಕೆಳಗಿನ ಮೂಳೆಯನ್ನು ತಿರುಚುತ್ತದೆ. ಮಕ್ಕಳ ಸ್ಕೀ ಗಾಯಗಳಲ್ಲಿ ಆ ಮೂಳೆಯ ಮುರಿತ ಪ್ರಮುಖವಾದದ್ದು. ಬೈಂಡಿಂಗ್‌ನ ಬಿಗಿಯನ್ನು ಅಂಗಡಿಯವರಿಂದಲೇ ಹೊಂದಿಸಿಕೊಳ್ಳಬೇಕು, ಅಂದಾಜಿನಲ್ಲಿ ತಿರುಪು ತಿರುಗಿಸಬಾರದು. ಮಗುವಿನ ಸೊಂಟಕ್ಕೆ ಪಟ್ಟಿ ಕಟ್ಟಿ ಹಿಂದಿನಿಂದ ಹಿಡಿದುಕೊಂಡು ಇಳಿಸುವ ಪದ್ಧತಿಯಿಂದ ಕಲಿಕೆಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಮಗು ಪಟ್ಟಿಗೆ ಒರಗಿ ಹಿಂದಕ್ಕೆ ವಾಲುವುದನ್ನು ರೂಢಿಸಿಕೊಳ್ಳುತ್ತದೆ, ನಿಲ್ಲಿಸುವ ಹೊಣೆ ಯಾವತ್ತೂ ಬೇರೆಯವರದಾಗಿ ಉಳಿಯುತ್ತದೆ.

ಕೊನೆಯ ವಿಷಯ ಸ್ಪರ್ಧೆ. ಭಾರತೀಯ ಮನೆಗಳಲ್ಲಿ ಮಗು ಏನನ್ನೇ ಕಲಿಯಲಿ, ಎಷ್ಟನೇ ಸ್ಥಾನ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ನಾರ್ವೆಯ ಕ್ರೀಡಾ ಒಕ್ಕೂಟ 1987ರಲ್ಲೇ ಮಕ್ಕಳ ಕ್ರೀಡೆಗೆ ನಿಯಮ ರೂಪಿಸಿ, 2007ರಲ್ಲಿ ಅದಕ್ಕೆ ಮಕ್ಕಳ ಹಕ್ಕುಗಳನ್ನು ಸೇರಿಸಿತು. ಹನ್ನೊಂದು ತುಂಬುವ ವರ್ಷದವರೆಗೆ ಫಲಿತಾಂಶದ ಪಟ್ಟಿಯಿಲ್ಲ, ಹದಿಮೂರು ತುಂಬುವ ವರ್ಷದವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಪುಟ್ಟವರ ಸ್ಕೀ ಓಟದಲ್ಲಿ ಬಹುಮಾನ ಕೊಡುವುದಾದರೆ ಗುರಿ ಮುಟ್ಟಿದ ಎಲ್ಲರಿಗೂ ಕೊಡಬೇಕು. ಇದರಿಂದ ಆಟ ಸೊರಗಲಿಲ್ಲ: ಹೀಗೆ ಬೆಳೆದವರ ನಾಡು 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದಿತು. 2025ರ ಟ್ರೊಂಡ್‌ಹೈಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ರಾಸ್ ಕಂಟ್ರಿಯ ಆರಕ್ಕೆ ಆರೂ ಚಿನ್ನ ಗೆದ್ದ ಯೊಹಾನೆಸ್ ಕ್ಲೇಬೊಗೆ ಮೊದಲ ಸ್ಕೀ ಸಿಕ್ಕಿದ್ದು ಎರಡನೇ ವಯಸ್ಸಿನಲ್ಲಿ, ಅಜ್ಜ ಕೊಟ್ಟ ಕ್ರಿಸ್‌ಮಸ್ ಉಡುಗೊರೆಯಾಗಿ. ಎರಡಕ್ಕೇ ಆರಂಭಿಸದಿದ್ದರೆ ಬಾಗಿಲು ಮುಚ್ಚಿತು ಎಂದೇನೂ ಇಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ದೊಡ್ಡವರಾದ ಮೇಲೆ ಸ್ಕೀ ಕಲಿತು, 2024ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಕ್ರಾಸ್ ಕಂಟ್ರಿಯಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು.

ದೊಡ್ಡವರೂ ಕಲಿಯಬಹುದೆಂಬ ಈ ಮಾತು ತಂದೆತಾಯಂದಿರಿಗೇ ಹೆಚ್ಚು ಅನ್ವಯಿಸುತ್ತದೆ. ಹಾದಿಯ ಅಂಚಿನಲ್ಲಿ ಕೋಟು ತೊಟ್ಟು ನಿಂತು ಮಗುವಿನ ಫೋಟೊ ತೆಗೆಯುವ ಅಪ್ಪ ಅಮ್ಮನಿಗೆ ಬೇಗ ಚಳಿ ಹಿಡಿಯುತ್ತದೆ, ಹೋಗೋಣ ನಡಿ ಎಂಬ ಮಾತು ಮೊದಲು ಅವರಿಂದಲೇ ಬರುತ್ತದೆ. ಜೊತೆಗೆ ಸ್ಕೀ ಕಟ್ಟಿಕೊಂಡು, ಮಗುವಿನ ಪಕ್ಕದಲ್ಲೇ ಬಿದ್ದು ಎದ್ದವರ ಮನೆಯಲ್ಲಿ ಮಗುವಿಗೆ ಬೀಳುವುದು ಅವಮಾನವೆನಿಸುವುದಿಲ್ಲ. ಅನೇಕ ಊರುಗಳಲ್ಲಿ ವಯಸ್ಕರಿಗೂ ಆರಂಭಿಕರ ತರಗತಿಗಳಿವೆ. ಬರುವ ಚಳಿಗಾಲದಲ್ಲಿ, ಬಾರ್ನೆಹಾಗೆಯ ಚೀಟಿ ಬರುವ ಮೊದಲೇ, ಮಗುವಿನ ಅಳತೆಯ ಜೊತೆಗೆ ತಮ್ಮ ಅಳತೆಯ ಬೂಟನ್ನೂ ಪ್ರತಿಯೊಂದು ಕನ್ನಡ ಮನೆಯೂ ಹುಡುಕಿಟ್ಟುಕೊಳ್ಳಲಿ ಎಂಬುದು ಈ ಪತ್ರದ ಕೋರಿಕೆ.